ಹುಣಸೆಹಣ್ಣಿನಲ್ಲಿ ತೊಳೆದ ಕ್ಯಾಮ್‌ಶಾಫ್ಟು

ಆ ಭಾನುವಾರ ದೇವೇಂದ್ರಪ್ಪನವರು ದೆಹಲಿಯ ಮನೆಯ ಊಟದ ಮೇಜಿನ ಮೇಲೆ ಹಿಂದಿ ಪೇಪರು ಹಾಸಿ, ಎರಡು ಕಬ್ಬಿಣದ ದಂಡಗಳನ್ನು ಮಲಗಿಸಿದರು. ಒಂದೂವರೆ ಮೊಳ ಉದ್ದ, ಕಬ್ಬಿನ ಜಲ್ಲೆಯಂತೆ ಗೆಣ್ಣು ಗೆಣ್ಣು, ಮೈತುಂಬ ಎಣ್ಣೆ. ಹೆಂಡತಿ ವಿಮಲಾ ಚಪಾತಿ ತಟ್ಟೆ ಹಿಡಿದು ನಿಂತೇ ಇದ್ದಳು. ಇಡಲು ಜಾಗವಿರಲಿಲ್ಲ.

"ಇವು ಕ್ಯಾಮ್‌ಶಾಫ್ಟು. ಎಂಜಿನ್ನು ಉಸಿರಾಡೋದು ಇದರಿಂದ. ಇದು ರೇಸಿಂದು. ಓಡಿದರೆ ಹಾರುತ್ತೆ, ನಿಂತರೆ ನಡುಗುತ್ತೆ. ಇದು ರಸ್ತೆಯದು, ಸಾಧು. ಯಾವುದು ಹಾಕಿಸಲಿ?"

"ನಿಮ್ಮ ಕಾರು ಲೋಧಿ ಕಾಲೋನಿ ಬಿಟ್ಟು ಐಎನ್ಎ ಮಾರ್ಕೆಟ್ಟು ದಾಟಿದ್ದುಂಟಾ? ಸೊಪ್ಪು ತರೋಕೆ ಯಾತರ ರೇಸು?"

"ನಿನಗೆ ಗೊತ್ತಾಗಲ್ಲ ಬಿಡು."

"ಗೊತ್ತಾಗದವಳನ್ನ ಯಾಕೆ ಕೇಳಿದಿರಿ?"

ಅವರು ನಕ್ಕರು. "ನಾಳೆ ಆಫೀಸಿಂದ ಬಂದು ಯೋಚನೆ ಮಾಡ್ತೀನಿ."

ಮರುದಿನ ಆಫೀಸಿಗೆ ಹೋಗುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡರು. ವಾಪಸು ಬರಲಿಲ್ಲ.

ಎಂಟನೆಯ ದಿನ ಮೆಕ್ಯಾನಿಕ್ ಕುಲ್‌ವಂತ್ ಸಿಂಗ್ ಮಾತನಾಡಿಸಲು ಬಂದ. ಯಾವುದೋ ಎಂಬಸಿಯ ಹರಾಜಿನಲ್ಲಿ ದೇವೇಂದ್ರಪ್ಪನವರು ಹಿಡಿದ ಆ ಎರಡು ಸೀಟಿನ ಇಂಗ್ಲಿಷ್ ಕಾರಿಗೆ ಇಪ್ಪತ್ತು ವರ್ಷದಿಂದ ಅವನೇ ವೈದ್ಯ. ಚಹ ಕುಡಿದು ಲೋಟ ಕೆಳಗಿಟ್ಟು ಕೇಳಿದ:

"ಭಾಭೀಜಿ, ಎಂಜಿನ್ನು ಬಿಚ್ಚಿ ಹರಡಿದ್ದೀನಿ. ಯಾವುದು ಹಾಕಲಿ?"

"ರಸ್ತೆಯದೇ ಸಾಕು ನಾ, ಮಮ್ಮಿ," ಎಂದಳು ಮಗಳು ಸಿಂಧೂರ.

ವಿಮಲಾ ಓದಿದ್ದು ಮೂರನೆಯ ಕ್ಲಾಸು. ಆದರೆ ಅಂದು ಹೊರಡಿಸಿದ್ದು ಸಾಕ್ಷಾತ್ ಸರ್ಕಾರಿ ಆದೇಶ. "ಬದುಕಿದ್ದಾಗ ಅವರ ಒಂದು ಮಾತಿಗೂ ಹೂಂ ಅನ್ನಲಿಲ್ಲ. ಈಗ ಅಂತೀನಿ. ಅವರ ಮನಸ್ಸಿದ್ದದ್ದು ರೇಸಿಂದರ ಮೇಲೆ, ಅದನ್ನೇ ಹಾಕಪ್ಪ."

ರೇಸಿನದು ಕುಲ್‌ವಂತನ ಜೊತೆ ಹೋಯಿತು. ರಸ್ತೆಯದು ಮನೆಯಲ್ಲುಳಿಯಿತು.

ಹನ್ನೊಂದರ ತಿಥಿಗೆ ಮನೆಯಲ್ಲಿ ಒಂದು ಚಮಚವೂ ತೊಳೆಯದೆ ಉಳಿಯಬಾರದು. ವಿಮಲಾ ಹಂಡೆ ತಿಕ್ಕಿದಳು, ದೀಪದ ಕಂಬ ತಿಕ್ಕಿದಳು. ಆಮೇಲೆ ಮೂಲೆಯಲ್ಲಿದ್ದ ಜಿಡ್ಡಿನ ದಂಡ ಕಣ್ಣಿಗೆ ಬಿತ್ತು. ಗಂಡ ಮುಟ್ಟಿದ ಕೊನೆಯ ಸಾಮಾನು, ಕೊಳೆಯಾಗಿರುವುದೇ? ಒಂದು ಹಿಡಿ ಹುಣಸೆಹಣ್ಣು ನೆನೆಸಿ ಗೆಣ್ಣು ಗೆಣ್ಣಿಗೂ ಉಜ್ಜಿದಳು. ಬೆಳ್ಳಿಯ ಹಾಗೆ ಹೊಳೆಯಿತು. ಬಿಸಿಲಿಗಿಟ್ಟು, ಅವರ ಮಡಿಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಆ ಹನ್ನೊಂದು ದಿನದಲ್ಲಿ ನೆಟ್ಟಗೆ ಮಾಡಿದ ಕೆಲಸ ಇದೊಂದೇ ಅನ್ನಿಸಿತು.

ತಿಂಗಳಾದ ಮೇಲೆ ಕಾರು ಬಂತು. ಅದು ಮೆಟ್ರೊಗೆಂದು ಊರೆಲ್ಲ ಅಗೆದಿದ್ದ ವರ್ಷ. ಸಿಂಧೂರ ಓಡಿಸಿದಳು, ವಿಮಲಾ ಪಕ್ಕದಲ್ಲಿ. ಮೊದಲ ಸಿಗ್ನಲ್ಲಿಗೆ ಕಾರಿಗೆ ಚಳಿಜ್ವರ ಬಂತು, ವಿಮಲಾಳ ಹಲ್ಲು ಕಟಕಟ ಅಂದವು, ಎಂಜಿನ್ನು ಸತ್ತಿತು. ಎರಡನೆಯ ಸಿಗ್ನಲ್ಲಿನಲ್ಲೂ ಅದೇ. ಮೂರನೆಯದರಲ್ಲಿ ಹಿಂದೆ ಅರ್ಧ ದೆಹಲಿಯೇ ಹಾರ್ನ್ ಹೊಡೆಯುತ್ತಿತ್ತು.

"ಆಂಟೀಜಿ, ಧಕ್ಕಾ ಲಗಾಊಂ?" ಎಂದ ಆಟೋದವನು.

"ತಳ್ಳಪ್ಪ," ಎಂದಳು ವಿಮಲಾ ಅಪ್ಪಟ ಕನ್ನಡದಲ್ಲಿ. ಅವನಿಗೆ ಅರ್ಥವಾಯಿತು.

ಮನೆಗೆ ಬಂದು ನೀರು ಕುಡಿದು ಹೇಳಿದಳು: "ಅವರ ಆಸೆ ತೀರಿತು. ಇನ್ನು ನನ್ನ ಮಾತು ನಡೀಲಿ. ಆ ಸಾಧುವನ್ನ ಹಾಕಿಸೋಣ."

ಗ್ಯಾರೇಜಿನಲ್ಲಿ ಪಂಚೆ ಬಿಚ್ಚಿದರೆ ಒಳಗೆ ಬೆಳ್ಳಿ ಇರಲಿಲ್ಲ. ಕೆಂಪು ತುಕ್ಕು. ಪಂಚೆಗೂ ಅದೇ ಬಣ್ಣ.

"ಏನು ಮಾಡಿದಿರಿ ಇದಕ್ಕೆ?"

"ತೊಳೆದೆ."

"ಯಾವುದರಲ್ಲಿ?"

"ಹುಣಸೆಹಣ್ಣಲ್ಲಿ."

ಕುಲ್‌ವಂತ್ ಕನ್ನಡಕ ತೆಗೆದು ಒರೆಸಿಕೊಂಡ. "ಮೂವತ್ತು ವರ್ಷದ ಸರ್ವಿಸು ನನ್ನದು. ಕ್ಯಾಮ್‌ಶಾಫ್ಟಿನ ಸಾರು ಮಾಡಿದವರನ್ನ ಇವತ್ತೇ ನೋಡಿದ್ದು." ಆಮೇಲೆ ಮೆಲ್ಲಗೆ, "ಎಣ್ಣೆ ಇದರ ಕೊಳೆಯಲ್ಲ ಭಾಭೀಜಿ. ಇದರ ಬಟ್ಟೆ."

ಸಿಂಧೂರ ಬಾಯಿಗೆ ದುಪಟ್ಟ ಒತ್ತಿಕೊಂಡು ನಕ್ಕಳು, ಅಪ್ಪ ಹೋದಮೇಲೆ ಮೊದಲ ಸಲ. ವಿಮಲಾಳೂ ನಕ್ಕಳು. ನಗುತ್ತ ನಗುತ್ತಲೇ ಟೈರಿನ ರಾಶಿಯ ಮೇಲೆ ಕೂತು ಅತ್ತಳು. ಕುಲ್‌ವಂತ್ ಬೇರೆ ಕಡೆ ತಿರುಗಿ ಸ್ಪ್ಯಾನರು ಹುಡುಕಿದ.

ಅಂಥದ್ದೇ ಇನ್ನೊಂದು ಇಂಗ್ಲೆಂಡಿನಿಂದ ಬರಬೇಕು, ವರ್ಷವಾದೀತು. ಅಲ್ಲಿವರೆಗೆ ರೇಸಿನದೇ ಗತಿ. "ದಿನಾ ಒಂದು ಸಲ ಸ್ಟಾರ್ಟ್ ಮಾಡಿ. ಸುಮ್ಮನೆ ನಿಂತರೆ ಇದೂ ಕೆಡುತ್ತೆ," ಎಂದ.

ಈಗ ದಿನಾ ಬೆಳಗ್ಗೆ, ಹಾಲಿನ ಬೂತಿಗೆ ಜನ ಹೊರಡುವ ಹೊತ್ತಿಗೆ, ಡ್ರೈವಿಂಗ್ ಬಾರದ ವಿಮಲಾ ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸುತ್ತಾಳೆ. ಬ್ಲಾಕಿನ ಕಿಟಕಿಗಳೆಲ್ಲ ಗಡಗಡ ಅನ್ನುತ್ತವೆ. ಹತ್ತು ನಿಮಿಷ ಆಕ್ಸಿಲರೇಟರ್ ಒತ್ತಿಯೇ ಇರಬೇಕು, ಇಲ್ಲದಿದ್ದರೆ ನಿಂತುಬಿಡುತ್ತದೆ.

"ಬೆಳಬೆಳಗ್ಗೆ ಎಲ್ಲಿಗೆ ಸವಾರಿ?" ಎಂದು ಯಾರಾದರೂ ಕೇಳುತ್ತಾರೆ.

"ಎಲ್ಲಿಗೂ ಇಲ್ಲ," ಎನ್ನುತ್ತಾಳೆ, ಕಾಲು ತೆಗೆಯದೆ.