ಕಾರ್ಡಿನ ವಿಜಯಶ್ರೀ, ಸ್ಟ್ರೆಚರಿನ ದಾನೇಶ್ವರಿ

"ಇನ್ನು ಇಂಡಿ ತಾಲ್ಲೂಕು ದಾಟಿ ಎಲ್ಲಿ ಬಿದ್ದರೂ ಭಯವಿಲ್ಲ!" ಎಂದು ಘೋಷಿಸಿ ಆರೋಗ್ಯ ವಿಮೆ ಮಾಡಿಸಿದ ಮಹಾಪುರುಷ ನಾನೇ, ಹೊರ್ತಿ ಶಾಲೆಯ ಮಾಸ್ತರ. ಫಾರ್ಮು ತುಂಬುತ್ತ ಏಜೆಂಟ್ ತಬ್ರೇಜ ಕೇಳಿದ, "ಸರ್, ವೈನಿಯವರ ಹೆಸರು ಆಧಾರದಾಗ ಹೆಂಗೈತ್ರಿ?"

"ಅದರಾಗ ತವರಮನಿ ಹೆಸರೈತಿ, ದಾನೇಶ್ವರಿ. ಅದನ್ನ ಬಿಡೋ! ಮದುವ್ಯಾಗ ಅಕ್ಕಿ ಮ್ಯಾಲ ಉಂಗುರಲೇ ನಾ ಬರದ ಹೆಸರು ವಿಜಯಶ್ರೀ. ಅದನ್ನ ಬರಿ."

"ಮುಂದ ತ್ರಾಸ ಆಗತೈತ್ರಿ, ಸರ್."

"ನನ್ನ ಹೆಂಡ್ತಿ ಹೆಸರು ನನಗ ಕಲಸ್ತೀ ಏನು?"

ಪಾಪ, ನಾ ಹೇಳಿದ್ದನ್ನೇ ಬರೆದ.

ಮರುವರ್ಷ ಸೊಲ್ಲಾಪುರದಲ್ಲಿ ನನ್ನ ಹೆಂಡತಿಯ ತಮ್ಮ ಸಂಜೀವಕುಮಾರನ ಮಗಳಿಗೆ ಹೆಸರಿಡುವ ಕಾರ್ಯಕ್ರಮ. ತೊಟ್ಟಿಲು ತೂಗುತ್ತಿದ್ದ ನನ್ನವಳು ಹೊಟ್ಟೆ ಹಿಡಿದುಕೊಂಡು ಕುಸಿದಳು. ದವಾಖಾನೆಗೆ ಒಯ್ದೆವು. "ಅಪೆಂಡಿಕ್ಸ್ ಒಡೆದೈತ್ರಿ. ಮಧ್ಯಾಹ್ನದೊಳಗ ಆಪರೇಷನ್ ಆಗಬೇಕು, ಇಲ್ಲಾಂದ್ರ ಕೈ ಮೀರತೈತಿ," ಅಂದರು ಡಾಕ್ಟರು. ನಾನು ವಿಮೆಯ ಕಾರ್ಡನ್ನು ಇಸ್ಪೀಟಿನ ಎಕ್ಕದ ಹಾಗೆ ಕೌಂಟರಿನ ಮೇಲೆ ಬಡಿದೆ!

ಕೌಂಟರಿನ ಹುಡುಗಿ ಒಮ್ಮೆ ಕಾರ್ಡು, ಒಮ್ಮೆ ಆಧಾರ ನೋಡಿದಳು. "ಕಾರ್ಡಿನ್ಯಾಗ ವಿಜಯಶ್ರೀ ಅದಾರ. ಪೇಷಂಟು ದಾನೇಶ್ವರಿ. ಇವರಿಬ್ಬರೂ ಯಾರ್ರಿ?"

"ಇಬ್ಬರೂ ನನ್ನ ಹೆಂಡ್ತೀನ ರೀ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿದ್ದ ಮುದುಕ, "ಇಬ್ಬರನ್ನ ಕಟಗೊಂಡು ಒಬ್ಬಾಕೀಗೆ ವಿಮಾ ಮಾಡಸ್ಯಾನ ನೋಡ್ರಿ!" ಎಂದು ಛೀಮಾರಿ ಹಾಕಿದ.

ತಬ್ರೇಜನಿಗೆ ಫೋನು ಹಚ್ಚಿದೆ. "ಇಬ್ಬರೂ ಒಬ್ಬಾಕೀನ ಅಂತ ಅಫಿಡವಿಟ್ ಮಾಡಿ ಕಳಸ್ರಿ ಸರ್. ಕಂಪನಿಯವರು ಒಪ್ಪಾಕ ಎರಡು ದಿನ ಬೇಕು."

ಎರಡು ದಿನ! ಗಡಿಯಾರದಲ್ಲಿ ಹನ್ನೊಂದೂವರೆ. ಡಿಪಾಜಿಟ್ ಕಟ್ಟದೆ ಆಪರೇಷನ್ ಇಲ್ಲ. ನಾನು ಬೆವರುತ್ತ, ಅಂಗಲಾಚುತ್ತ, ಮೊಬೈಲಿನಲ್ಲಿ ಮದುವೆಯ ಫೋಟೋ ಹುಡುಕುತ್ತ ನಿಂತಿದ್ದೆ. ಅವಳು ಸ್ಟ್ರೆಚರಿನ ಮೇಲೆಯೇ ಹಲ್ಲು ಕಚ್ಚಿಕೊಂಡು ಕೈಯಿಂದ ಪಾಟ್ಲಿ ಕಳಚಿದಳು. ತವರಿನವರು ಮದುವೆಯಲ್ಲಿ ಹಾಕಿದ ಬಂಗಾರದ ಬಳೆಗಳವು. ತಮ್ಮನ ಕೈಗಿಟ್ಟಳು. ಅವನು ಅವನ್ನು ಮಾರಿ ದುಡ್ಡು ತರಲು ಸರಾಫನ ಅಂಗಡಿಗೆ ಓಡಿದ.

ಹೊತ್ತಿಗೆ ಸರಿಯಾಗಿ ಆಪರೇಷನ್ ಆಯಿತು. ಮೂರು ದಿನ ಐಸಿಯು. ಹೊರಗೆ ಬೆಂಚಿನ ಮೇಲೆ ಕೂತು ನಾನು ಅತ್ತದ್ದನ್ನು ಯಾರಿಗೂ ಹೇಳಿಲ್ಲ, ನಿಮಗಷ್ಟೇ ಹೇಳುತ್ತಿದ್ದೇನೆ. ನಾಲ್ಕನೇ ದಿನ ಅವಳು ಕಣ್ಣು ಬಿಟ್ಟಳು. "ವಿಜಯಶ್ರೀ..." ಎಂದೆ.

ಅವಳು ನನ್ನನ್ನೇ ನೋಡಿದಳು.

"ಆಕಿ ಕಾರ್ಡಿನ್ಯಾಗ ಆರಾಮ ಅದಾಳಲ್ಲರಿ! ಸಾಯಾಕತ್ತಿದ್ದಾಕಿ ದಾನೇಶ್ವರಿ. ಆಕೀನ್ನ ತವರಮನಿ ಪಾಟ್ಲಿ ಉಳಿಸ್ಯಾವ. ಮಾತಾಡೂದಿದ್ರ ಆಕಿ ಹೆಸರ್ಲೇ ಕರೀರಿ."