ಕನ್ನಡಿಯಾಗಬೇಕಿದ್ದ ನಳಿಗೆ

"ನೀ ರೊಟ್ಟಿ ಬಡಿದು ಮುಗಿಸೂದ್ರಾಗ ಈ ಬಂದೂಕಿನ ನಳಿಗಿ ಕನ್ನಡಿ ಆಗ್ತೈತಿ. ಬೇಕಾದ್ರ ಅದರಾಗ ನೋಡ್ಕೊಂಡು ಕುಂಕುಮ ಇಟ್ಕೋ" ಎಂದು ಪಂಚಪ್ಪ ಪುಟ್ಟೇನಹಳ್ಳಿಯ ತನ್ನ ಬಾಡಿಗೆ ಮನೆಯ ಮುಂದೆ ಹಳೆಯ ಪೇಪರು ಹಾಸಿಕೊಂಡು ಘೋಷಿಸಿದ.

"ನನಗ ಗೋಡಿಗೆ ಕನ್ನಡಿ ಐತ್ರಿ" ಎಂದಳು ಶಿವಲಿಂಗವ್ವ ಒಳಗಿನಿಂದ.

ಸೈನ್ಯದಿಂದ ನಿವೃತ್ತನಾದ ಪಂಚಪ್ಪ ಈಗ ಆರ್.ಟಿ. ನಗರದ ಒಂದು ಬ್ಯಾಂಕಿನ ಗನ್‌ಮ್ಯಾನ್. ಬಂದೂಕು ಅವನದೇ, ಲೈಸೆನ್ಸೂ ಅವನದೇ. ಬೆಳಿಗ್ಗೆ ಅವನ ಹೆಗಲೇರಿ ಹೊರಟದ್ದು ಸಂಜೆ ಅವನೊಂದಿಗೇ ಮನೆ ಸೇರುತ್ತಿತ್ತು. ಬ್ಯಾಂಕಿನ ಬಾಗಿಲಲ್ಲಿ ಅದು ಎಂದೂ ಗುಡುಗಿದ್ದಿಲ್ಲ. ವರ್ಷಕ್ಕೊಮ್ಮೆ ಗುರಿ ಅಭ್ಯಾಸದ ದಿನ ಮಾತ್ರ ಬಾಯಿ ಬಿಡುತ್ತಿತ್ತು. ಹೋದ ವಾರ ಹಾಗೆ ಬಾಯಿ ಬಿಟ್ಟಾಗ ಮೊದಲ ಗುಂಡಿಗೇ ಬೆಳ್ಳನೆಯ ಮೋಡವೊಂದು ಎದ್ದಿತ್ತು. ಅವನನ್ನು ಕೆಲಸಕ್ಕಿಟ್ಟ ಸೆಕ್ಯುರಿಟಿ ಏಜೆನ್ಸಿಯ ಅಧಿಕಾರಿ ನಂದಕುಮಾರ್ ಕೆಮ್ಮುತ್ತಾ, "ಏನ್ರೀ ಪಂಚಪ್ಪ, ಗುಂಡು ಹೊಡೆದ್ರೋ, ಸುಣ್ಣ ಹೊಡೆದ್ರೋ?" ಎಂದು ಕೇಳಿದ್ದರು. ಆಮೇಲೆ ನಳಿಗೆಯೊಳಗೆ ಕಣ್ಣಿಟ್ಟು, "ಒಳಗೆಲ್ಲಾ ಗುಂಡಿನ ಸೀಸ ಅಂಟ್ಕೊಂಡಿದೆ. ಸೋಮವಾರ ನೋಡ್ತೀನಿ. ಕ್ಲೀನ್ ಇಲ್ಲ ಅಂದ್ರೆ ಬಂದೂಕು ಮನೇಲಿಟ್ಟು ಯಾವ್ದಾದ್ರೂ ಅಪಾರ್ಟ್‌ಮೆಂಟ್ ಗೇಟಲ್ಲಿ ಕಾರ್ ನಂಬರ್ ಬರ್ಕೊಳ್ಳಿ" ಎಂದಿದ್ದರು.

ಬಂದೂಕು ಹಿಡಿದ ಕೈಗೆ ಪೆನ್ನು! ಅದನ್ನು ನೆನೆದೇ ಪಂಚಪ್ಪನ ಮೀಸೆ ಜೋತುಬಿದ್ದಿತ್ತು.

ಇಂದು ಭಾನುವಾರ. ನಳಿಗೆಯನ್ನು ಮರದ ಹಿಡಿಯಿಂದ ಬಿಚ್ಚಿ, ಎಣ್ಣೆ ಬಿಟ್ಟು ನೆನೆಸಿ, ಉದ್ದನೆಯ ಸಲಾಕೆಗೆ ಬ್ರಷ್ಷು ಸಿಕ್ಕಿಸಿ ತಿಕ್ಕಿದ. ಬ್ರಷ್ಷಿನ ಮೇಲೆ ಪಂಚಪ್ಪನ ತಲೆಯ ಮೇಲಿದ್ದಷ್ಟೇ ಕೂದಲಿತ್ತು. ಬೆಳಕಿಗೆ ಹಿಡಿದರೆ ಸೀಸದ ಬೂದು ಗೆರೆಗಳು ಇದ್ದಲ್ಲೇ ಇದ್ದವು. ಎದ್ದುಹೋಗಿ ಸಿಂಕಿನ ಮೇಲಿದ್ದ ತಾಮ್ರದ ನಾರಿಗೆ ಕೈ ಹಾಕಿದ.

"ಅದು ದೇವರ ಸಾಮಾನು ತಿಕ್ಕೂದ್ರಿ."

"ಬಂದೂಕು ದೆವ್ವ ಏನು? ತಾಮ್ರ ಮೆತ್ತಗ ಇರ್ತೈತಿ. ಉಕ್ಕಿಗೆ ಗೀರು ಬೀಳಂಗಿಲ್ಲ, ಸೀಸ ಅಷ್ಟ ಕಿತ್ತು ಬರ್ತೈತಿ."

"ಒಂಚೂರ ಸುತ್ರಿ ಮತ್ತ."

ಒಂಚೂರು ಎಂಬ ಮಾತು ವೀರರಿಗೆ ಹೇಳುವುದಲ್ಲ. ಇಡೀ ನಾರನ್ನು ಬ್ರಷ್ಷಿಗೆ ಸುತ್ತಿ, ಮೇಲೊಂದು ಚಿಂದಿ ಬಿಗಿದು ನೂಕಿದ. ಅರ್ಧ ದಾರಿಯಲ್ಲಿ ಸಲಾಕೆ ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ಮಹಡಿಯಿಂದ ಇಳಿದುಬಂದ ಮನೆ ಮಾಲೀಕ ರಾಮಕೃಷ್ಣಪ್ಪ, "ಏನ್ ಪಂಚಪ್ಪ, ಬಂದೂಕಿಗೆ ಬಾಲ ಬಂದೈತೆ?" ಎಂದರು.

"ಸ್ವಲ್ಪ ಎಳೀರಿ ಯಜಮಾನ್ರ."

ರಾಮಕೃಷ್ಣಪ್ಪ ಬಾಲ ಹಿಡಿದರು. ಪಂಚಪ್ಪ ನಳಿಗೆಯನ್ನು ತಬ್ಬಿಕೊಂಡ. ಹಿಟ್ಟಿನ ಕೈಯಲ್ಲೇ ಬಂದ ಶಿವಲಿಂಗವ್ವ ಗಂಡನ ಸೊಂಟ ಹಿಡಿದಳು.

"ಇಂಗಲ್ಲ ಕಣಯ್ಯ, ಅಂಗೆ ತಿರುಗಿಸು" ಎನ್ನುವಷ್ಟರಲ್ಲಿ ಡಬ್ ಎಂದು ಸಲಾಕೆ ಕಿತ್ತುಬಂತು. ರಾಮಕೃಷ್ಣಪ್ಪ ಹಿಂದಿದ್ದ ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಕೂತರು. "ಸೋಪು ಆಕಿದ್ಯೇನವ್ವಾ?" ಎಂದಷ್ಟೇ ಕೇಳಿದರು.

ಪಂಚಪ್ಪನಿಗೆ ಅದು ಕೇಳಿಸಲಿಲ್ಲ. ಚಿಂದಿಯ ಮೇಲೆ ಸೀಸದ ಹೊಳೆಯುವ ಸಿಪ್ಪೆಗಳಿದ್ದವು. ಅವುಗಳ ಜೊತೆ ಎಣ್ಣೆಯಲ್ಲಿ ಕಲಸಿದ ಬಿಳಿಯ ಮುದ್ದೆಯೊಂದಿತ್ತು.

"ಸೀಸ ಬೂದು ಇರ್ತೈತಿ. ಈ ಬಿಳೇದೇನು?"

ಶಿವಲಿಂಗವ್ವನಿಗೆ ಥಟ್ಟನೆ ಒಲೆಯ ಮೇಲಿನ ರೊಟ್ಟಿ ನೆನಪಾಯಿತು.

"ನಿಂದರ ಅಲ್ಲೇ" ಎಂದು ಒಳಗೆ ಹೊರಟವಳನ್ನು ಪಂಚಪ್ಪ ತಡೆದ.

"ವಿಭೂತಿ ರೀ" ಎಂದಳು, ಸೆರಗಿಗೆ ಹಿಟ್ಟು ಒರೆಸುತ್ತಾ. "ದಿನಾ ಪೂಜಿ ಆದಮ್ಯಾಲ ಒಂದು ಚಿಟಿಕಿ ಅದರ ಬಾಯಾಗ ಹಾಕ್ತೀನಿ. ನಿಮ್ಮ ಕೈಯಾಗಿರೂ ತನಕ ಅದು ಯಾರಿಗೂ ಬಾಯಿ ಮಾಡಬಾರದು ಅಂತ."

ಗುರಿ ಅಭ್ಯಾಸದ ಬಿಳಿ ಮೋಡ ಪಂಚಪ್ಪನ ಕಣ್ಣ ಮುಂದೆ ತೇಲಿತು.

"ಹುಚ್ಚೀ, ನಳಿಗ್ಯಾಗ ಏನರ ಅಡ್ಡ ಸಿಕ್ಕರ ನಳಿಗೀನ ಸೀಳ್ತೈತಿ, ಗೊತ್ತೇನು?"

"ಅಂದ್ರ, ನಿಮಗ ಏನರ ಆಗ್ತಿತ್ತು?"

ಅವಳ ಮುಖ ಆ ವಿಭೂತಿಯಷ್ಟೇ ಬೆಳ್ಳಗಾಯಿತು. ಪಂಚಪ್ಪ ಬಾಯಿಯವರೆಗೆ ಬಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡ.

"ಇನ್ನ ಒಳಗ ಹಾಕಂಗಿಲ್ರಿ" ಎಂದಳು. ಸಂಜೆಯ ಹೊತ್ತಿಗೆ ನಳಿಗೆ ನಿಜಕ್ಕೂ ಕನ್ನಡಿಯಾಯಿತು.

ಸೋಮವಾರ ಬ್ಯಾಂಕಿನಲ್ಲಿ ನಂದಕುಮಾರ್ ಬಂದೂಕು ಬಿಚ್ಚಿ, ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ನೋಡಿದರು. "ಭೇಷ್, ಒಂದು ಚೂರೂ ಸೀಸ ಇಲ್ಲ" ಎಂದು ಬಂದೂಕು ಜೋಡಿಸಿ, ಹೆಗಲಿಗಿಟ್ಟು, ಹಿಡಿಗೆ ಕೆನ್ನೆಯೊತ್ತಿ ಗೋಡೆಯತ್ತ ಗುರಿ ನೋಡಿದರು. "ನಿಮ್ಮ ಕೆಲಸ ನಿಮಗೇ, ಹೋಗ್ರೀ" ಎಂದು ಹಿಂದಿರುಗಿಸಿ ಒಳಗೆ ನಡೆದರು.

ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಪಿಸುಗುಟ್ಟಿದರು: "ಪೆನ್ಷನ್ ಅಜ್ಜಿಯರೆಲ್ಲಾ ನನಗ್ಯಾಕ್ರೀ ಕೈ ಮುಗೀತಿದ್ದಾರೆ?"

ಅವರ ಕೆನ್ನೆಯ ಮೇಲೆ ಮೂರು ಅಚ್ಚುಕಟ್ಟಾದ ಬಿಳಿ ಪಟ್ಟೆಗಳಿದ್ದವು. ಶಿವಲಿಂಗವ್ವ ಮಾತಿಗೆ ತಪ್ಪಿರಲಿಲ್ಲ; ಒಳಗೆ ಹಾಕಿರಲಿಲ್ಲ, ಹೊರಗೆ ಹಿಡಿಗೆ ಹಚ್ಚಿದ್ದಳು.

"ನಮ್ಮ ಮನಿಯಾಕಿ ಹಚ್ಚಿದ ವಿಭೂತಿ ಸರ್" ಎಂದ ಪಂಚಪ್ಪ, ನೆಲ ನೋಡುತ್ತಾ. "ಯಾರಿಗೂ ಏನೂ ಆಗಬಾರದು ಅಂತ."

"ಹಂಗಾದ್ರೆ ಅವತ್ತಿನ ಮೋಡ?"

"ಅದೂ ಅಕೀದ ಸರ್."

ಪಂಚಪ್ಪನ ಕಣ್ಣೆದುರು ಪೆನ್ನು ಕುಣಿಯಿತು. ನಂದಕುಮಾರ್ ಕೆನ್ನೆ ಒರೆಸಲು ಕರವಸ್ತ್ರ ತೆಗೆದವರು, ಏನನ್ನೋ ಯೋಚಿಸಿ ಮತ್ತೆ ಜೇಬಿಗಿಟ್ಟರು.

"ನನ್ನ ಬೈಕಿಗೂ ಒಂಚೂರು ಹಚ್ಚೋಕ್ ಹೇಳ್ರೀ" ಎಂದರು. "ದಿನಾ ಹೆಬ್ಬಾಳ ಫ್ಲೈಓವರ್ ದಾಟ್ಬೇಕು."