ಪೋಷಕರು ಕುಸ್ತಿ ಕಣಕ್ಕೆ ಧುಮುಕುವ ಕುರಿತು

ಗರಡಿ ಹಾಗೂ ಪೋಷಕರ ವ್ಯವಹಾರಗಳ ಕಚೇರಿ, ಹಳಿಯಾಳ
ಕ್ರಮಾಂಕ: ಗ.ಪೋ.ವ್ಯ./ಎಮ್ಮೆ/೧೭/೧೯೬೩

ವಿಷಯ: ಪೈಲವಾನರನ್ನು ಸಾಕುವ ಪೋಷಕರ ಅರ್ಥ, ಕರ್ತವ್ಯ ಹಾಗೂ ನಿಲ್ಲತಕ್ಕ ಜಾಗ.

ಉಲ್ಲೇಖ: ೧) ದಾಂಡೇಲಿ ಕಾಗದದ ಗಿರಣಿಯಲ್ಲಿ ಬಿದಿರು ಹೊರುವ ದುರ್ಗಪ್ಪ ಪೈಲವಾನನು ಸೋಮವಾರ ಸೋತದ್ದು.
೨) ಮಂಗಳವಾರ ಬೆಳಿಗ್ಗೆ ಅವನ ಮನೆಯಿಂದ ಎಮ್ಮೆ ಹೋದದ್ದು.

ಪ್ರಸ್ತಾವನೆ: ಕಟ್ಟಿಗೆ ಗುತ್ತೇದಾರ ಶಿವಲಿಂಗಪ್ಪನವರು ದುರ್ಗಪ್ಪನ ಪೋಷಕರಾಗಿ, ಹಾಲು ಕುಡಿದು ಮೈ ಬೆಳೆಸಲೆಂದು ಹೈನದ ಎಮ್ಮೆಯೊಂದನ್ನು ಕೊಟ್ಟಿದ್ದರು. ಹಳಿಯಾಳದ ಜಂಗಿ ಕುಸ್ತಿಯಲ್ಲಿ ದುರ್ಗಪ್ಪನು ಮಳಗಿಯ ಗೂಳಪ್ಪನನ್ನು ಕೆಡವಿ, ಇನ್ನೇನು ಬೆನ್ನು ಮಣ್ಣಿಗೆ ಹಚ್ಚಬೇಕು, ಅಷ್ಟರಲ್ಲಿ ಪೋಷಕರು ರುಮಾಲು ಸರಿಮಾಡಿಕೊಳ್ಳುತ್ತ ಕಣಕ್ಕೆ ಧುಮುಕಿ, “ತಡಿಯೋ ದುರ್ಗ್ಯಾ, ಹಂಗ ಹಿಡಕೊಂಡಿರು! ಫೋಟೋದಾಗ ನನ್ನ ಮಾರಿ ಬರ್ಬೇಕು!” ಎಂದು ಅಪ್ಪಣೆ ಕೊಡಿಸಿರುತ್ತಾರೆ. ಹಾಲು ಕೊಟ್ಟವರ ಮಾತು ಮೀರುವುದು ಹೇಗೆಂದು ದುರ್ಗಪ್ಪನು ಕತ್ತೆತ್ತಿ ನೋಡಿರುತ್ತಾನೆ. ಗೂಳಪ್ಪನಿಗೆ ಅಂಥ ಹಂಗೇನೂ ಇಲ್ಲದ್ದರಿಂದ, ಅವನು ಕೆಳಗಿನಿಂದ ಜಾರಿ ದುರ್ಗಪ್ಪನನ್ನೇ ಚಿತ್ ಮಾಡಿರುತ್ತಾನೆ. “ಸೋತಾವಗ ಹಾಲ್ಯಾಕ?” ಎಂದು ಪೋಷಕರು ಎಮ್ಮೆಯನ್ನು ಹೊಡೆಸಿಕೊಂಡು ಹೋಗಿರುತ್ತಾರೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಪೋಷಕರೆಂದರೆ ಕೊಡುವವರು. ಕೊಟ್ಟದ್ದನ್ನು ಸಾರುವ ಕೆಲಸ ಹಲಗಿ ಬಾರಿಸುವವರದು. ಪೋಷಕರೇ ಹಲಗಿ ಆಗತಕ್ಕದ್ದಲ್ಲ.

೨. ಪೈಲವಾನರಿಬ್ಬರ ಕೈ ಜೋಡಿಸಿ ಕುಸ್ತಿ ಹಚ್ಚುವ ಗೌರವ ಪೋಷಕರದು. ಆದರೆ ಹಿಡಿದ ಕೈ ಬಿಡದೆ, ಅವರ ತೋಳು ಜೋಮು ಹಿಡಿಯುವವರೆಗೆ, ತಮ್ಮ ಮುತ್ತಜ್ಜನಿಂದ ಭಾಷಣ ಆರಂಭಿಸತಕ್ಕದ್ದಲ್ಲ. ತಡೆಯಲಾಗದಿದ್ದಲ್ಲಿ ಹತ್ತಿರದ ಕಂಬವೊಂದರ ಕೈ ಹಿಡಿದು ಮುಗಿಸತಕ್ಕದ್ದು.

೩. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವಾಗ ಪೋಷಕರೂ ಏರಬಯಸಿದಲ್ಲಿ, ಮುಂಚಿತವಾಗಿ ಕಟ್ಟಿಗೆ ಅಡ್ಡೆಯ ತಕ್ಕಡಿಯಲ್ಲಿ ಕುಳಿತು, ಹೊರುವವರ ಒಪ್ಪಿಗೆ ಪಡೆಯತಕ್ಕದ್ದು.

೪. ಪೈಲವಾನನು ಸೋತಲ್ಲಿ, ಕುಡಿದ ಹಾಲನ್ನು ಅವನಿಂದ ಹಿಂದಕ್ಕೆ ಪಡೆಯುವ ಕ್ರಮ ಈ ಕಚೇರಿಗೆ ತಿಳಿದಿರುವುದಿಲ್ಲ. ತಿಳಿಯುವವರೆಗೆ ಎಮ್ಮೆಯನ್ನೂ ಪಡೆಯತಕ್ಕದ್ದಲ್ಲ.

೫. ಎಮ್ಮೆ ಒಯ್ಯುವಾಗ ದುರ್ಗಪ್ಪನ ತಾಯಿ ಮುದಕವ್ವನವರು ನುಡಿದದ್ದನ್ನು ತಿದ್ದದೆ ದಾಖಲಿಸಲಾಗಿದೆ: “ಎಮ್ಮಿ ನಿಮ್ದ ಖರೇರಿ ಸಾವ್ಕಾರ್ರ. ಹುಲ್ಲ ತಂದಾಕಿ, ಮೈ ತೊಳದಾಕಿ ನಾನು. ನನ್ನ ಮಗಾ ಗೆಲ್ಲೂ ಹೊತ್ತಿಗೆ ಕಣದಾಗ ಇಳದಾವ್ರು ನೀವು. ಹಂಗಾರ ಸೋತಾವ್ರು ಯಾರ್ರಿ?” ಇದಕ್ಕೆ ಪೋಷಕರು ಕೆಮ್ಮಿದರೆಂದು ವರದಿಯಾಗಿದೆ. ಕೆಮ್ಮನ್ನು ಉತ್ತರವೆಂದು ಪರಿಗಣಿಸಲಾಗಿಲ್ಲ.

೬. ಸದರಿ ಎಮ್ಮೆಯು ಪೋಷಕರ ಹಿತ್ತಲಿನಲ್ಲಿ ಹಾಲು ಕರೆಯಲು ಕುಳಿತವರನ್ನೆಲ್ಲ, ಕೊನೆಗೆ ಪೋಷಕರನ್ನೂ, ಒದ್ದಿರುತ್ತದೆ. ಇದನ್ನು ಎಮ್ಮೆಯ ಹೇಳಿಕೆಯೆಂದು ಸ್ವೀಕರಿಸಲಾಗಿದೆ.

ಆದೇಶ: ಇಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಎಮ್ಮೆಯನ್ನು ಮುದಕವ್ವನವರ ಗೂಟಕ್ಕೆ ಕಟ್ಟತಕ್ಕದ್ದು. ದುರ್ಗಪ್ಪ, ಗೂಳಪ್ಪರ ಮರುಕುಸ್ತಿಗೆ ಮುದಕವ್ವನವರೇ ಕೈ ಜೋಡಿಸತಕ್ಕದ್ದು. ಆಗ ಶಿವಲಿಂಗಪ್ಪನವರು ಕಣದ ಹೊರಗೆ ಎಮ್ಮೆಯ ಹಗ್ಗ ಹಿಡಿದು ನಿಲ್ಲತಕ್ಕದ್ದು. ಹಗ್ಗ ಬಿಟ್ಟು ಕಣಕ್ಕೆ ಇಳಿದಲ್ಲಿ ಎಮ್ಮೆಯೂ ಹಿಂದೆಯೇ ಇಳಿಯಬಹುದು. ಮುಂದಿನದಕ್ಕೆ ಕಚೇರಿ ಹೊಣೆಯಲ್ಲ.

(ಸಹಿ, ಓದಲು ಬರುವುದಿಲ್ಲ)
ಪೋಷಕರ ಮೇಲ್ವಿಚಾರಕರು

ಪ್ರತಿಗಳು:
೧. ಗೂಳಪ್ಪ ಪೈಲವಾನ, ಮಳಗಿ: ಅಭಿನಂದನೆಗಳಿಲ್ಲದೆ.
೨. ಫೋಟೋದವರು: ಚಿತ್ರದಲ್ಲಿ ಪೋಷಕರ ಬೆನ್ನು ಮಾತ್ರ ಬಂದು, ಕುಸ್ತಿ ಕಾಣದ ಕಾರಣ ವಾಪಸು ಕಳಿಸಿದೆ.
೩. ಮುದಕವ್ವನವರು: ಓದು ಬಾರದ ಕಾರಣ, ಶಿವಲಿಂಗಪ್ಪನವರೇ ಖುದ್ದಾಗಿ ಹೋಗಿ, ಎಮ್ಮೆಗೂ ಕೇಳುವಂತೆ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಫೋಟೋ ಬೇಕಿದ್ದಲ್ಲಿ ಆಗ ತೆಗೆಸಿಕೊಳ್ಳಬಹುದು.